ಪದಚರ್ಚೆ: ಗ್ರಾಂ ಸ್ಟೇನಿಂಗಿನ ‘ಡಿಕಲರೈಸ್’ಗೆ ಏನನ್ನೋಣ? (ತುರ್ತು)

ಗೋಡೆಪಟ:
ಎಲ್ಲರಿಗೂ ನಮಸ್ಕಾರ. ಲ್ಯಾಬ್ ತರಬೇತಿಯವರಿಗಾಗಿ ಗ್ರಾಂ ಸ್ಟೇನಿಂಗಿನ (ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಪಾಸಿಟಿವ್, ನೆಗೆಟಿವ್ ಎಂದು ಎರಡು ಬಗೆಯಾಗಿ ವಿಂಗಡಿಸುವ ವಿಧಾನ) ಪಟವನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಕರಡು ಹೀಗಿದೆ: “ತೆಳು ಸ್ಮಿಯರ್ (ಸ್ಲೈಡಿನ ಮೇಲೆ ಸವರಿದ ಮಾದರಿ) ಗಾಳಿಗೆ ಒಣಗಲಿ, ಉರಿಯ ಮೇಲೆ 2-3 ಸಲ ಹಾಯಿಸಿ. ಕ್ರಿಸ್ಟಲ್ ವಯಲೆಟ್ (ನೇರಳೆ ಬಣ್ಣ) 1 ನಿಮಿಷ, ನೀರು. ಗ್ರಾಂ ಅಯೋಡಿನ್ 1 ನಿಮಿಷ, ನೀರು. ಶೇ. 95ರ ಆಲ್ಕೊಹಾಲಿನಿಂದ ನಿರ್ವರ್ಣೀಕರಿಸಿ, ನೀರು. ಸಫ್ರನಿನ್ (ಕೆಂಪು ಬಣ್ಣ) 1 ನಿಮಿಷ, ನೀರು.” ‘ಡಿಕಲರೈಸ್’ಗೆ ಹಾಕಿದ ‘ನಿರ್ವರ್ಣೀಕರಿಸಿ’ ಬಾಯಿಗೇ ಬರುತ್ತಿಲ್ಲ. ಅಯೋಡಿನ್ನನ್ನು ಮೂಲದಲ್ಲಿ ‘ಮಾರ್ಡೆಂಟ್’ (ಬಣ್ಣ ಹಿಡಿಸುವ ವಸ್ತು) ಎಂದಿದ್ದಾರೆ, ಅದಕ್ಕೂ ಪದ ಬೇಕು. ಪಾಸಿಟಿವ್, ನೆಗೆಟಿವ್‌ಗಳಿಗೆ ‘ಧನಾತ್ಮಕ, ಋಣಾತ್ಮಕ’ ನಡೆಯುತ್ತದೆಯೇ? ಜಾಗ ಕಡಿಮೆ.

ತಿಳಿಗನ್ನಡ:
‘ನಿರ್ವರ್ಣೀಕರಿಸಿ’ ಓದಿ ಮುಗಿಸುವಷ್ಟರಲ್ಲಿ ಸ್ಲೈಡ್ ಒಣಗಿರುತ್ತದೆ. ‘ಬಣ್ಣ ತೆಗೆಯಿರಿ’ ಸಾಕು. ಮಾರ್ಡೆಂಟ್‌ನ ಬೇರು ಲ್ಯಾಟಿನ್ನಿನ ‘ಮೊರ್ದೇರೆ’, ಎಂದರೆ ಕಚ್ಚು. ನಮ್ಮಲ್ಲೂ ಬಟ್ಟೆಗೆ ಕಲೆ ಕಚ್ಚಿಕೊಳ್ಳುತ್ತದಲ್ಲ? ಹಾಗಾಗಿ ‘ಬಣ್ಣಗಚ್ಚು’. ಧನ-ಋಣ ಬಡ್ಡಿ ಲೆಕ್ಕಕ್ಕಿರಲಿ. ಇಲ್ಲಿಗೆ ‘ನೇರಳೆ ಹಿಡಿವ’, ‘ನೇರಳೆ ಬಿಡುವ’. ಕೋಶಭಿತ್ತಿ ಎಲ್ಲಾದರೂ ನುಸುಳಿದ್ದರೆ ‘ಗೂಡುಗೋಡೆ’ ಮಾಡಿ.

ಧಾತುಪಾಠ:
‘ಬಣ್ಣಗಚ್ಚು’ ಓದಿದವರು ಗಾರೆ ಗಚ್ಚು ಹುಡುಕಿಕೊಂಡು ಹೋಗುತ್ತಾರೆ. ‘ವರ್ಣಬಂಧಕ’ ಇದೆ, ಬಳಸಿ. ಇನ್ನು ನಿಮ್ಮ ‘ಬಣ್ಣ’ವೂ ‘ವರ್ಣ’ದ ತದ್ಭವವೇ, ಸಾರ್.

ನೂರರ ಲೆನ್ಸ್:
ಮೇಡಂ, ‘ಬಣ್ಣ ತೆಗೆಯಿರಿ’ ಮಾತ್ರ ಹಾಕಬೇಡಿ. ಇಡೀ ವಿಧಾನ ಕೆಡುವುದೇ ಈ ಹಂತದಲ್ಲಿ. ಅಯೋಡಿನ್ ತೊಳೆದಾಗ ಎರಡೂ ಬಗೆಯ ಬ್ಯಾಕ್ಟೀರಿಯಾ ನೇರಳೆಯಾಗಿಯೇ ಇರುತ್ತವೆ. ವ್ಯತ್ಯಾಸ ಹುಟ್ಟುವುದು ಆಲ್ಕೊಹಾಲ್ ಬಿದ್ದ ಮೇಲೆ. ಗ್ರಾಂ ಪಾಸಿಟಿವ್‌ನ ಕೋಶಭಿತ್ತಿಯ ಪೆಪ್ಟಿಡೊಗ್ಲೈಕನ್ ಪದರ ಸುಮಾರು 20ರಿಂದ 80 ನ್ಯಾನೊಮೀಟರ್ ದಪ್ಪ. ಆಲ್ಕೊಹಾಲ್ ಅದರ ನೀರು ಹೀರಿ ಬಿಗಿಮಾಡುತ್ತದೆ, ಒಳಗಿನ ಬಣ್ಣ-ಅಯೋಡಿನ್ ಕೂಟ ಸುಲಭಕ್ಕೆ ಹೊರಬರುವುದಿಲ್ಲ. ನೆಗೆಟಿವ್‌ನಲ್ಲಿ ಆ ಪದರ ಕೆಲವೇ ನ್ಯಾನೊಮೀಟರ್. ಹೊರಪೊರೆಯ ಕೊಬ್ಬನ್ನು ಆಲ್ಕೊಹಾಲ್ ಕರಗಿಸಿದ ಕೂಡಲೇ ನೇರಳೆ ಸೋರಿಹೋಗುತ್ತದೆ. ‘ತೆಗೆಯಿರಿ’ ಎಂದರೆ ಹುಡುಗರು ಸ್ಲೈಡ್ ಬೆಳ್ಳಗಾಗುವವರೆಗೂ ಸುರಿಯುತ್ತಾರೆ. ಆಗ ಪಾಸಿಟಿವ್ ಆದ ಸ್ಟ್ಯಾಫಿಲೊಕಾಕಸ್ ಕೂಡ ಸಫ್ರನಿನ್ ಹೀರಿ ಕೆಂಪಗೆ ಕೂರುತ್ತದೆ. ಹೆದರಿ ಬೇಗ ನಿಲ್ಲಿಸಿದರೆ ನೆಗೆಟಿವ್ ಆದ ಇ. ಕೋಲೈ ನೇರಳೆ. ಸ್ಮಿಯರ್ ದಪ್ಪವಿದ್ದರಂತೂ ಒಂದೇ ಸ್ಲೈಡಿನಲ್ಲಿ ಎರಡೂ ತಪ್ಪು.

‘ಬಣ್ಣ ಇಳಿಸಿ’ ಎಂದು ಬರೆದು ಪಕ್ಕದಲ್ಲೇ ಮಿತಿ ಹೇಳಿ: “ಸ್ಲೈಡ್ ಓರೆ ಹಿಡಿದು ಹನಿ ಹನಿಯಾಗಿ, ಜಾರುವ ಹನಿಯಲ್ಲಿ ನೇರಳೆ ನಿಂತ ಕ್ಷಣ ನೀರು.” ಶೇ. 95ರ ಆಲ್ಕೊಹಾಲಿಗೆ ಸುಮಾರು 10-20 ಸೆಕೆಂಡು. ಬರಿಯ ಅಸಿಟೋನ್ ಬಳಸುವ ಕಡೆ 2-3 ಸೆಕೆಂಡೇ ಹೆಚ್ಚು. ‘ಆಲ್ಕೊಹಾಲಿನಿಂದ ತೊಳೆಯಿರಿ’ ಕೂಡ ಬೇಡ, ತೊಳೆಯುವುದು ನೀರಿನ ಕೆಲಸ.

ಮಾರ್ಡೆಂಟ್ ಜಗಳವೇ ದಂಡ. ಬಣ್ಣಗಾರರ ಪಟಿಕ ಬಣ್ಣವನ್ನು ನೂಲಿಗೆ ಹಿಡಿಸುತ್ತದೆ. ಇಲ್ಲಿ ಅಯೋಡಿನ್ ಮಾಡುವುದು ಕೋಶದೊಳಗೇ ಕ್ರಿಸ್ಟಲ್ ವಯಲೆಟ್ ಜೊತೆ ಸೇರಿ ನೀರಿಗೆ ಕರಗದ ದೊಡ್ಡ ಕೂಟ ಕಟ್ಟುವುದು. ಕಚ್ಚುವುದೂ ಇಲ್ಲ, ಬಂಧಿಸುವುದೂ ಇಲ್ಲ. ಪಟದಲ್ಲಿ ಆ ಪದವನ್ನೇ ಬಿಡಿ.

ಗೋಡೆಪಟ:
‘ಇಳಿಸಿ’ ಹಿಡಿಸಿತು, ಜಾಗವೂ ಸಾಲುತ್ತದೆ. ‘ನೇರಳೆ ಹಿಡಿವ, ಬಿಡುವ’ ಕೂಡ ಚೆಂದವಿದೆ, ಹಾಕಲೇ? ಮತ್ತೊಂದು ತೊಡಕು: ದ್ರಾವಣದ ಪಟ್ಟಿಯಲ್ಲಿ “ಗ್ರಾಂ ಅಯೋಡಿನ್: ಅಯೋಡಿನ್ 1 ಗ್ರಾಂ, ಪೊಟ್ಯಾಸಿಯಂ ಅಯೊಡೈಡ್ 2 ಗ್ರಾಂ, ನೀರು 300 ಮಿ.ಲೀ.” ಎಂದಿದೆ. ಮೊದಲ ‘ಗ್ರಾಂ’ ಕೂಡ ತೂಕದಂತೆ ಕಾಣುತ್ತದೆ.

ತಿಳಿಗನ್ನಡ:
ತೂಕಕ್ಕೆ ‘ಗ್ರಾಂ’, ಹೆಸರಿಗೆ ‘ಗ್ರಾಮ್’.

ಧಾತುಪಾಠ:
ಹಳ್ಳಿಯ ಅಯೋಡಿನ್ ಆಗುತ್ತದೆ.

ನೂರರ ಲೆನ್ಸ್:
‘ಗ್ರಾಂನ ಅಯೋಡಿನ್’ ಅನ್ನಿ, ವಿಭಕ್ತಿ ಬಂದರೆ ಮನುಷ್ಯನ ಹೆಸರೆಂದು ಗೊತ್ತಾಗುತ್ತದೆ. 1884ರಲ್ಲಿ ಬರ್ಲಿನ್ನಿನಲ್ಲಿ ಈ ವಿಧಾನ ಪ್ರಕಟಿಸಿದ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಆತ. ಪಟ್ಟಿಯಲ್ಲಿ ಒಂದು ಮಾತು ಸೇರಿಸಿ: ಮೊದಲು ಅಯೊಡೈಡನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಅಯೋಡಿನ್. ಬರಿಯ ನೀರಿಗೆ ಅಯೋಡಿನ್ ಹಾಕಿದರೆ ತಳದಲ್ಲೇ ಕೂರುತ್ತದೆ.

‘ನೇರಳೆ ಹಿಡಿವ’ ಬೇಡ. ಒಂದು ದಿನಕ್ಕಿಂತ ಹಳೆಯ ಕಲ್ಚರಿನಲ್ಲಿ (ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದಲ್ಲಿ) ಬ್ಯಾಸಿಲಸ್‌ನಂಥವು ಗೋಡೆ ಸಡಿಲಿ ನೇರಳೆ ಬಿಟ್ಟುಕೊಡುತ್ತವೆ. ರಚನೆಯಲ್ಲಿ ಅವು ಪಾಸಿಟಿವ್ಗಳೇ. ಮೈಕೊಪ್ಲಾಸ್ಮಾಕ್ಕೆ ಗೋಡೆಯೇ ಇಲ್ಲ, ನೇರಳೆ ಹಿಡಿಯುವುದಿಲ್ಲ. ಹಾಗೆಂದು ಅದನ್ನು ಇ. ಕೋಲೈ ಪಂಕ್ತಿಯಲ್ಲಿ ಕೂರಿಸುತ್ತೀರಾ? ಕ್ಷಯದ ಬ್ಯಾಕ್ಟೀರಿಯಾದ ಗೋಡೆ ಮೇಣದಂಥ ಮೈಕೋಲಿಕ್ ಆಮ್ಲದ್ದು, ಈ ಬಣ್ಣ ಒಳಗೆ ಸರಿಯಾಗಿ ಇಳಿಯುವುದೇ ಇಲ್ಲ. ಅದಕ್ಕೆ ಜೀಲ್-ನೀಲ್ಸನ್ ಎಂಬ ಬೇರೆಯೇ ಸ್ಟೇನಿಂಗ್ ಇದೆ. ಬಣ್ಣದ ಮೇಲೆ ಹೆಸರಿಟ್ಟರೆ ತಪ್ಪಿಹೋದ ಸ್ಲೈಡ್ ಕೂಡ ಸರಿಯೆಂದೇ ಆಗುತ್ತದೆ. ‘ಗ್ರಾಂ ಪಾಸಿಟಿವ್’, ‘ಗ್ರಾಂ ನೆಗೆಟಿವ್’ ಹಾಗೇ ಇರಲಿ.

ಅದಕ್ಕಿಂತ ಮುಖ್ಯ, ವರದಿಯ ಮಾದರಿಯಲ್ಲಿ ಬರಿಯ ‘ನೆಗೆಟಿವ್’ ಬರಕೂಡದು. ರೋಗಿಯ ಕಡೆಯವರು ಏನೂ ಇಲ್ಲವೆಂದು ಓದಿಕೊಳ್ಳುತ್ತಾರೆ. “ಗ್ರಾಂ ನೆಗೆಟಿವ್ ದಂಡಾಣುಗಳು ಕಂಡಿವೆ”, “ಗ್ರಾಂ ಪಾಸಿಟಿವ್ ಗೋಳಾಣುಗಳು, ಗೊಂಚಲಿನಲ್ಲಿ”, “ಸರದಲ್ಲಿ”, “ಜೋಡಿಯಾಗಿ”: ಆಕಾರ, ಜೋಡಣೆ, ಬಣ್ಣ ಮೂರೂ ಇದ್ದರೆ ಮಾತ್ರ ವೈದ್ಯರಿಗೆ ಪ್ರಯೋಜನ. ಪಟದ ಕೆಳಗೆ ಇನ್ನೊಂದು ಸಾಲು: ಅದೇ ಸ್ಲೈಡಿನ ಒಂದು ತುದಿಗೆ ಗೊತ್ತಿರುವ ಸ್ಟ್ಯಾಫಿಲೊಕಾಕಸ್, ಇನ್ನೊಂದಕ್ಕೆ ಇ. ಕೋಲೈ. ಅವು ಸರಿಯಾಗಿ ಬರದಿದ್ದರೆ ನಡುವಿನದನ್ನು ನಂಬಬೇಡಿ.

ತಿಳಿಗನ್ನಡ:
ಕನ್ನಡದಲ್ಲಿ ಅರಿಮೆ ಬೆಳೆಯದಿರುವುದು ‘ಹಾಗೇ ಇರಲಿ’ ಎನ್ನುವವರಿಂದಲೇ. ‘ಗೋಳಾಣು’ ಸಂಸ್ಕೃತ, ‘ನೆಗೆಟಿವ್’ ಇಂಗ್ಲಿಷು, ಕನ್ನಡಕ್ಕೆ ಉಳಿದದ್ದು ‘ಇಳಿಸಿ’ ಒಂದೇ. ‘ಬ್ಯಾಕ್ಟೀರಿಯಂ’ಗೂ ‘ಬ್ಯಾಸಿಲಸ್’ಗೂ ಮೂಲದ ಅರ್ಥ ಚಿಕ್ಕ ಕೋಲು, ಒಂದು ಗ್ರೀಕಿನದು, ಇನ್ನೊಂದು ಲ್ಯಾಟಿನ್ನಿನದು. ‘ಕೋಲಣು’ ಅನ್ನಲು ಏನು ಅಡ್ಡಿ?

ಧಾತುಪಾಠ:
‘ಅಣು’ ಅಡ್ಡಿ. ಅದೂ ಸಂಸ್ಕೃತ.

ಗೋಡೆಪಟ:
ದಂಡಾಣು, ಗೋಳಾಣು ಪಠ್ಯದಲ್ಲಿ ಬಂದಿವೆ, ಬದಲಿಸುವುದಿಲ್ಲ. ‘ಬಣ್ಣ ಇಳಿಸಿ’ ಮಿತಿಯ ಸಮೇತ ಹೋಗುತ್ತದೆ, ‘ಗ್ರಾಂನ ಅಯೋಡಿನ್’ ಕೂಡ. ‘ಕೌಂಟರ್‌ಸ್ಟೇನ್’ಗೆ (ಕೊನೆಗೆ ಹಾಕುವ ಸಫ್ರನಿನ್) ‘ಎದುರುಬಣ್ಣ’ ಎಂದು ಹಾಕಿಬಿಟ್ಟಿದ್ದೇನೆ, ತಕರಾರಿದ್ದರೆ ಇವತ್ತು ರಾತ್ರಿಯೊಳಗೆ ತಿಳಿಸಿ.

ಧಾತುಪಾಠ:
‘ಪ್ರತಿವರ್ಣಕ.’

ನೂರರ ಲೆನ್ಸ್:
‘ಎರಡನೇ ಬಣ್ಣ’ ಅನ್ನಿ ಮೇಡಂ. ಅದು ಯಾವುದಕ್ಕೂ ಎದುರಲ್ಲ, ಬಣ್ಣ ಕಳೆದುಕೊಂಡವು ಕಣ್ಣಿಗೆ ಬೀಳಲಿ ಎಂದು ಹಾಕುವುದು.