ಸಹಾಯ ಬೇಕು: ಮರುಭೂಮಿಯ ಪಾಳು ಗಣಿ ರಸ್ತೆಯಲ್ಲಿ ಒಂಟಿ ನಡಿಗೆ

ಎಲ್ಲರಿಗೂ ನಮಸ್ಕಾರ. ಈ ಚಳಿಗಾಲದಲ್ಲಿ ಮರುಭೂಮಿಯ ಪಾಳುಬಿದ್ದ ಗಣಿ ರಸ್ತೆಯೊಂದನ್ನು ಹಿಡಿದು ಒಬ್ಬನೇ ನಡೆಯಬೇಕೆಂದಿದ್ದೇನೆ. ಹೋಗಿಬರಲು 36 ಕಿ.ಮೀ., ಎರಡು ಹಗಲು, ಒಂದು ರಾತ್ರಿ. ಬೆಟ್ಟ ಹತ್ತಿ ರೂಢಿಯಿದೆ, ಮರಳುಗಾಡು ಹೊಸದು.

ತಲೆ ತಿನ್ನುತ್ತಿರುವುದು ನೀರು. ದಿನಕ್ಕೆ 4 ಲೀಟರ್ ಎಂದರೂ ಬೆನ್ನ ಮೇಲೆ 8 ಕಿಲೋ, ಉಳಿದ ಸಾಮಾನು ಬೇರೆ. ದಾರಿಯಲ್ಲಿ ಗಣಿಯ ಹೊಂಡವೊಂದರಲ್ಲಿ ನೀರು ನಿಂತಿರುತ್ತದಂತೆ. ಅದರಲ್ಲಿ ಆರ್ಸೆನಿಕ್, ಸೀಸ ಕರಗಿರಬಹುದು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಇವು ಹೋಗುವುದಿಲ್ಲ. ಹಾಗಾಗಿ ಅದನ್ನು ನಂಬಿಲ್ಲ. ಮೊದಲೇ ಹೋಗಿ ಅರ್ಧ ದಾರಿಯಲ್ಲಿ ನೀರು ಬಚ್ಚಿಟ್ಟು ಬರುವವರಿದ್ದಾರೆ. ನೀವು ಹಾಗೆ ಮಾಡಿದ್ದೀರಾ? ಕ್ಯಾನ್ ಬಿಸಿಲಿಗೆ ಸೀಳದಂತೆ, ಪ್ರಾಣಿಗಳು ಕಡಿಯದಂತೆ ಹೇಗೆ ಇಟ್ಟಿರಿ?

ರಸ್ತೆ ಹಲವೆಡೆ ಒಣಹಳ್ಳಕ್ಕಿಳಿದು ಮಾಯವಾಗುತ್ತದೆ. ಉಪಗ್ರಹ ಚಿತ್ರದಲ್ಲಿ ಕಾಣುವ ಗೆರೆ ನೆಲದ ಮೇಲೂ ಸಿಗುತ್ತದೆಯೇ? ಹಳ್ಳದಲ್ಲಂತೂ ಟೆಂಟ್ ಹಾಕುವುದಿಲ್ಲ. ಎಲ್ಲೋ ದೂರದಲ್ಲಿ ಸುರಿದ ಮಳೆಯೂ ಅಲ್ಲಿಗೆ ಪ್ರವಾಹ ತರಬಲ್ಲದು.

ಸುರಂಗದೊಳಗೆ ಕಾಲಿಡುವುದಿಲ್ಲ, ದಯವಿಟ್ಟು ಆ ಬುದ್ಧಿವಾದ ಬೇಡ. ಕೊಳೆತ ಮರದ ಆಸರೆ, ಆಮ್ಲಜನಕ ಕಡಿಮೆಯಿರುವ ಗಾಳಿ, ಉಳಿದುಹೋದ ಸಿಡಿಮದ್ದು, ಎಲ್ಲವನ್ನೂ ಓದಿದ್ದೇನೆ. ಆದರೆ ಮುಚ್ಚದೆ ಬಿಟ್ಟ ಗಣಿಬಾವಿಗಳು ರಸ್ತೆಗೆ ಎಷ್ಟು ಹತ್ತಿರದಲ್ಲಿರುತ್ತವೆ? ನಡುರಾತ್ರಿ ಮೂತ್ರಕ್ಕೆ ಎದ್ದವನು ಅದರೊಳಗೆ ಬೀಳಬಾರದಲ್ಲ!

ಮೊಬೈಲ್ ಸಿಗ್ನಲ್ ಸಿಗದು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಯ್ಯುತ್ತೇನೆ. ದಾರಿಯ ನಕ್ಷೆ, ಮರಳುವ ಹೊತ್ತು ಎರಡನ್ನೂ ಅಕ್ಕನಿಗೆ ಬರೆದುಕೊಡುತ್ತೇನೆ. ಎಷ್ಟು ಗಂಟೆ ತಡವಾದರೆ ಹುಡುಕಲು ಹೇಳು ಎನ್ನಲಿ? ಅವಳು ಅರ್ಧ ಗಂಟೆ ಎನ್ನುತ್ತಿದ್ದಾಳೆ.