ಆರ್ವೆಲ್ ಪ್ರಾಣ ತೆಗೆದಿದ್ದು ಕ್ಷಯವೋ, ಹಟವೋ?

ತೀರ್ಥಹಳ್ಳಿ ಓದುಗ: ನಮ್ಮ ಓದುವ ಗುಂಪಿನಲ್ಲಿ ಈ ಸಲ ಜಾರ್ಜ್ ಆರ್ವೆಲ್‌ನ ‘1984’. ಕಾದಂಬರಿಗಿಂತ ಅದನ್ನು ಬರೆದ ರೀತಿಯೇ ನನ್ನ ತಲೆ ತಿನ್ನುತ್ತಿದೆ. ಚಿಕ್ಕಂದಿನಿಂದ ಎದೆ ಸರಿಯಿಲ್ಲದ ಮನುಷ್ಯ. ಕ್ಷಯ ಅಂತ ಗೊತ್ತಾಗಿ ಆಸ್ಪತ್ರೆ ಸೇರಿ ಬಂದ ಮೇಲೂ ಸ್ಕಾಟ್ಲೆಂಡಿನ ಜುರಾ ದ್ವೀಪಕ್ಕೆ ವಾಪಸ್ ಹೋದ. ಅಷ್ಟು ದೂರ ಟೈಪಿಸ್ಟ್ ಯಾರೂ ಬರಲಿಲ್ಲ. 1948ರ ಕೊನೆಗೆ ಹಾಸಿಗೆಯಲ್ಲೇ ಕೂತು ತಾನೇ ಟೈಪ್ ಮಾಡಿದ. ಜನವರಿಗೆ ಸ್ಯಾನಿಟೋರಿಯಂ, ಅಂದರೆ ಕ್ಷಯ ರೋಗಿಗಳ ಆಸ್ಪತ್ರೆ, ಸೇರಿದ. 1950ರ ಜನವರಿ 21ಕ್ಕೆ ತೀರಿಕೊಂಡ, 46 ವರ್ಷಕ್ಕೆ. ಇದು ಹಟ ಅಲ್ವಾ?

ಆಗುಂಬೆ ಮಳೆ: ಹಟ ಅಲ್ಲ, ಹುಚ್ಚು. ಆ ಥಂಡಿ ನೆನೆಸಿಕೊಳ್ಳಿ ಮಾರಾಯ್ರೇ! ಆಷಾಢದಲ್ಲಿ ನಮ್ಮೂರಲ್ಲಿ ಗಟ್ಟಿಮುಟ್ಟಾದವರೇ ಕೆಮ್ಮುತ್ತಾ ಕೂತಿರುತ್ತಾರೆ.

ಶಿವಮೊಗ್ಗ ನರ್ಸ್: ಸುಮ್ನೆ ಮಳೆಗೆ ಬೈಯಬೇಡಿ. ಕ್ಷಯ ಬರುವುದು ರೋಗಾಣುವಿನಿಂದ. 1948ರಲ್ಲಿ ಗ್ಲಾಸ್ಗೋ ಹತ್ತಿರದ ಆಸ್ಪತ್ರೆಯಲ್ಲಿ ಅವರಿಗೆ ಸ್ಟ್ರೆಪ್ಟೋಮೈಸಿನ್ ಕೊಟ್ಟರು. ಹೊಸ ಔಷಧಿ, ಅಮೆರಿಕದಿಂದ ತರಿಸಿದ್ದು. ಅದು ಮೈಗೆ ಒಗ್ಗಲಿಲ್ಲ. ಚರ್ಮ ಸುಲಿಯಿತು, ಕೂದಲು ಉದುರಿತು, ಬಾಯಿ ತುಂಬಾ ಹುಣ್ಣು. ರಾತ್ರಿ ತುಟಿಯ ರಕ್ತ ಒಣಗಿ ಅಂಟಿಕೊಳ್ಳುತ್ತಿತ್ತು. ಬೆಳಿಗ್ಗೆ ನೀರು ಹಾಕಿ ತೊಳೆದರೇನೇ ಬಾಯಿ ತೆರೆಯಲು ಆಗುತ್ತಿದ್ದದ್ದು. ಕೊನೆಗೆ ನಿಲ್ಲಿಸಿಬಿಟ್ಟರು. ಕ್ಷಯಕ್ಕೆ ಚೆನ್ನಾಗಿ ಕೆಲಸ ಮಾಡುವ ಐಸೋನಿಯಾಜಿಡ್ ಮಾತ್ರೆ ಬಂದಿದ್ದು 1952ರಲ್ಲಿ. ಈಗಾದರೆ ಮೂರ್ನಾಲ್ಕು ಔಷಧಿ ಸೇರಿಸಿ ಆರು ತಿಂಗಳು ಕೊಡುತ್ತೇವೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ತೀರ್ಥಹಳ್ಳಿ ಓದುಗ: ಸರಿ ಮೇಡಂ. ವಿಶ್ರಾಂತಿ ತಗೊಂಡಿದ್ದರೆ?

ಶಿವಮೊಗ್ಗ ನರ್ಸ್: ಅದು ನಿಜ. ಆಗ ವಿಶ್ರಾಂತಿಯೇ ದೊಡ್ಡ ಮದ್ದು. ಆದರೂ ಬದುಕುತ್ತಿದ್ದರು ಅಂತ ನಾನು ಹೇಳಲಾರೆ.

ಸಾಗರದ ಅಕ್ಕ: ಮಗುವಿನ ಮಾತು ಯಾರೂ ಎತ್ತಲಿಲ್ಲವಲ್ಲ! ಹೆಂಡತಿ 1945ರಲ್ಲೇ ತೀರಿಕೊಂಡಿದ್ದರು. ದತ್ತು ಮಗ ರಿಚರ್ಡ್ ಇನ್ನೂ ಪುಟ್ಟವನು. ರೋಗ ತಗುಲೀತು ಅಂತ ಅವನನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅಷ್ಟು ಹೆದರುವವನಿಗೆ ತನ್ನ ಜೀವದ ಮೇಲೆ ಯಾಕೆ ಉಡಾಫೆ?

ಆಗುಂಬೆ ಮಳೆ: ಮಗನಿಗೆ ನಾಲ್ಕು ಕಾಸು ಆಗಲಿ ಅಂತ ಇರಬಹುದು ಅಕ್ಕಾ.

ಸಾಗರದ ಅಕ್ಕ: ಹಿಂದಿನ ಪುಸ್ತಕವೇ ಚೆನ್ನಾಗಿ ಮಾರಾಟ ಆಗಿತ್ತು ಕಣೋ. ಹಸ್ತಪ್ರತಿಯನ್ನು ಲಂಡನ್ನಿಗೆ ಕಳಿಸಿ, ಟೈಪ್ ಮಾಡಿಸಿ, ತಾನು ಮಲಗಬಹುದಿತ್ತು.

ತೀರ್ಥಹಳ್ಳಿ ಓದುಗ: ಅದು ಆಗುತ್ತಿರಲಿಲ್ಲ. ಬರೀ ಚಿತ್ತು. ಪಕ್ಕದಲ್ಲಿ ತಾನಿಲ್ಲದೆ ಬೇರೆಯವರಿಗೆ ಓದಲು ಬರುವ ಹಾಗಿರಲಿಲ್ಲ. ಅದಕ್ಕೇ ಟೈಪಿಸ್ಟ್ ಅಲ್ಲಿಗೇ ಬರಲಿ ಅಂದಿದ್ದು.

ಸಾಗರದ ಅಕ್ಕ: ಪುಸ್ತಕ ಒಂದು ವರ್ಷ ತಡವಾಗಿದ್ದರೆ ಯಾರ ಗಂಟು ಹೋಗುತ್ತಿತ್ತು? ಆ ಮಾತ್ರೆ ಬರಲು ಇನ್ನು ನಾಲ್ಕೇ ವರ್ಷ ಇತ್ತು. ನಾನಂತೂ ಒಪ್ಪಲ್ಲ.