ಅಮ್ಮನ ಎಸ್‌ಸಿಸಿ 9.8 ಬಂದಿದೆ, ನಿಮ್ಮ ಮನೆಯಲ್ಲಿ ಹೇಗಿತ್ತು?

ಅಮ್ಮನಿಗೆ 54. ಗರ್ಭಕಂಠದ ಕ್ಯಾನ್ಸರ್, ಬಯಾಪ್ಸಿಯಲ್ಲಿ ಸ್ಕ್ವಾಮಸ್ (ಚಪ್ಪಟೆ ಕೋಶಗಳಲ್ಲಿ ಹುಟ್ಟೋ ಬಗೆ) ಅಂತ ಬಂದಿದೆ. ಸೋಮವಾರದಿಂದ ಕರೆಂಟ್ (ರೇಡಿಯೇಷನ್) ಕೊಡ್ತಾರೆ, ಜೊತೆಗೆ ವಾರಕ್ಕೊಮ್ಮೆ ಕೀಮೋ ಔಷಧಿ ಸಿಸ್‌ಪ್ಲಾಟಿನ್. ರಕ್ತದಲ್ಲಿ ಎಸ್‌ಸಿಸಿ ಆ್ಯಂಟಿಜೆನ್ 9.8 ಇದೆ, ಸ್ಕ್ವಾಮಸ್ ಕ್ಯಾನ್ಸರ್ ಇದ್ದರೆ ಏರೋ ಪದಾರ್ಥವಂತೆ ಅದು. ಪಕ್ಕದಲ್ಲಿ 1.5ರ ಒಳಗಿರಬೇಕು ಅಂತ ಬರೆದಿದೆ. ವಾಸಿಯಾಗುತ್ತೋ ಇಲ್ಲವೋ ಇದರಲ್ಲೇ ಗೊತ್ತಾಗುತ್ತಾ? ಅನುಭವ ಇರೋರು ದಯವಿಟ್ಟು ಹೇಳಿ.

— ತಂಗಿ, ನಮ್ಮ ಅತ್ತೆಗೆ ಶುರುವಿನಲ್ಲಿ 14 ಇತ್ತು. ನಾನೂ ಆ ಪೇಪರ್ ಹಿಡ್ಕೊಂಡು ಅತ್ತಿದ್ದೆ. ಗಡ್ಡೆ ದೊಡ್ಡದಿದ್ದರೆ, ದುಗ್ಧಗ್ರಂಥಿಗಳಿಗೆ ಹರಡಿದ್ದರೆ ಸಾಮಾನ್ಯವಾಗಿ ಸಂಖ್ಯೆ ಹೆಚ್ಚಿರುತ್ತೆ, ಅಂಥವರ ಮೇಲೆ ಹೆಚ್ಚು ನಿಗಾ ಬೇಕು ನಿಜ. ಆದರೆ ಒಬ್ಬರ ಹಣೆಬರಹ ಅದರಲ್ಲಿಲ್ಲ. ಚಿಕಿತ್ಸೆಗೆ ಅದು ಇಳಿಯುತ್ತಾ ಅನ್ನೋದನ್ನ ನೋಡಿ. ಅಡುಗೆಮನೆ ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡ್ತಿದ್ದೆ: 14, ಅರ್ಧ ಕರೆಂಟ್ ಆದಾಗ 5.2, ಒಳಗಿನ ರೇಡಿಯೇಷನ್ ಮುಗಿದು ತಿಂಗಳಿಗೆ 1.1. ಮೂರು ತಿಂಗಳಿಗೆ ಮಾಡಿದ ಸ್ಕ್ಯಾನೂ ಚೆನ್ನಾಗಿತ್ತು.

ಎಂಟನೇ ತಿಂಗಳು ಇದ್ದಕ್ಕಿದ್ದಂತೆ 2.6! ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಡಾಕ್ಟರ್ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿದರು, ಏರಿತ್ತು. ಕಿಡ್ನಿ ಸರಿಯಿಲ್ಲದಿದ್ದರೆ ಎಸ್‌ಸಿಸಿ ರಕ್ತದಲ್ಲೇ ಉಳಿದು ಏರುತ್ತಂತೆ. ಕ್ರಿಯಾಟಿನಿನ್ ಇಳಿದ ಮೇಲೆ ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿದಾಗ 1.2. ಒಂದೊಂದು ಲ್ಯಾಬಿನಲ್ಲಿ ಸಂಖ್ಯೆ ಬೇರೆ ಬರಬಹುದು, ಅದಕ್ಕೇ ಹೇಳ್ತೀನಿ, ಲ್ಯಾಬ್ ಬದಲಿಸಬೇಡಿ. ಸೋರಿಯಾಸಿಸ್, ಇಸುಬು ಇದ್ದರೂ ಏರುತ್ತೆ, ಅಮ್ಮನಿಗಿದ್ದರೆ ಮೊದಲೇ ಹೇಳಿ. ಈ ಪದಾರ್ಥ ಚರ್ಮದಲ್ಲೂ ಎಂಜಲಲ್ಲೂ ಇರೋದರಿಂದ ರಕ್ತದ ಸ್ಯಾಂಪಲ್‌ಗೆ ಬೆವರು, ಎಂಜಲು ಸೋಕಿದರೂ ತಪ್ಪು ಸಂಖ್ಯೆ ಬರುತ್ತೆ.

— ನಮ್ಮಕ್ಕನಿಗೆ ಮೊದಲಿಂದಲೂ ಎಸ್‌ಸಿಸಿ ನಾರ್ಮಲ್, ಖುಷಿಪಟ್ಟಿದ್ವಿ. ಆದರೆ ಅವಳದು ಅಡಿನೋಕಾರ್ಸಿನೋಮಾ ಅನ್ನೋ ಬೇರೆ ಬಗೆಯ ಗರ್ಭಕಂಠದ ಕ್ಯಾನ್ಸರ್, ಅದಕ್ಕೆ ಈ ಟೆಸ್ಟ್ ಅಷ್ಟು ಹಿಡಿಯೋದಿಲ್ಲ. ಡಾಕ್ಟರ್ ಸಿಎ-125, ಸಿಇಎ ಅನ್ನೋ ಬೇರೆ ರಕ್ತಪರೀಕ್ಷೆ ನೋಡ್ತಿದ್ದರು. ನಿಮ್ಮಮ್ಮನದು ಸ್ಕ್ವಾಮಸ್ ಆದ್ದರಿಂದ ಎಸ್‌ಸಿಸಿಯೇ ಸರಿ.

— ನನಗೇ ಆಗಿತ್ತು ಈ ಕಾಯಿಲೆ. ಚಿಕಿತ್ಸೆ ಮುಗಿದು ವರ್ಷದ ಮೇಲೆ 0.9 ಇದ್ದದ್ದು 1.9, ಆಮೇಲೆ 3.8. ನೋವಿಲ್ಲ, ರಕ್ತಸ್ರಾವ ಇಲ್ಲ, ಕಿಡ್ನಿ ಸರಿಯಿದೆ. ಆದರೂ ಡಾಕ್ಟರ್ ಪೆಟ್ ಸ್ಕ್ಯಾನ್ ಬರೆದರು. ಬೆನ್ನುಮೂಳೆ ಪಕ್ಕದ ಒಂದು ದುಗ್ಧಗ್ರಂಥಿಯಲ್ಲಿ ಕಾಯಿಲೆ ಸಿಕ್ಕಿತು, ಅದಕ್ಕೆ ಮತ್ತೆ ಕರೆಂಟ್ ಕೊಟ್ಟರು. ಈಗ ಎರಡು ವರ್ಷ, ಆರಾಮಿದ್ದೀನಿ. ಸತತವಾಗಿ ಏರಿದರೆ ಕಾಯಬೇಡಿ. ಕಡಿಮೆ ಇದೆ ಅಂತ ಚೆಕಪ್ಪೂ ಬಿಡಬೇಡಿ, ಸಂಖ್ಯೆ ಏರದೆಯೂ ಕಾಯಿಲೆ ಮರಳಬಹುದು. ಸೋಮವಾರ ಹೋದಾಗ ಅಮ್ಮನ ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ಕೇಳಿ. ನನಗೆ ಕರೆಂಟ್ ನಡುವೆ ಎರಡು ಬಾಟಲಿ ರಕ್ತ ಏರಿಸಿದ್ದರು.